ಉಚ್ಚೆಂಗೆಮ್ಮ ಅಳಿಸದ ದಾರಿ

ಬೆಳಗಿನ ಆರೂವರೆ. ಕೊಂಡಜ್ಜಿ ಕಡೆಯ ಸರ್ಕಾರಿ ಶಾಲೆಯೊಂದರ ಬೀಗ ಇನ್ನೂ ತೆಗೆದಿಲ್ಲ. ಹೊರಗೋಡೆಗೆ ಏಣಿ ಒರಗಿಸಿಕೊಂಡು, ಸೀರೆಯ ಮೇಲೊಂದು ಹಳೆಯ ತುಂಬುದೋಳಿನ ಅಂಗಿ ತೊಟ್ಟು, ಐವತ್ತನಾಲ್ಕರ ಉಚ್ಚೆಂಗೆಮ್ಮ ಶನಿಗ್ರಹಕ್ಕೆ ಬಳೆ ತೊಡಿಸುತ್ತಿದ್ದಾರೆ. ದಾವಣಗೆರೆಯಿಂದ ಮೊದಲ ಬಸ್ಸಿಗೇ ಬಂದವರು. ಬಿಸಿಲೇರಿದರೆ ಬಣ್ಣ ಬ್ರಶ್ಶಿನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಒಂಬತ್ತು ಗಂಟೆಯೊಳಗೆ ಗ್ರಹಗಳೆಲ್ಲ ಮುಗಿಯಬೇಕು.

"ಮೊದ್ಲು ಒಂಬತ್ತು ಬರೀತಿದ್ವಿ, ಈಗ ಎಂಟು" ಎನ್ನುತ್ತಾರೆ, ಕೈ ನಿಲ್ಲಿಸದೆ. "ಪ್ಲೂಟೊನ ನಾನೇ ನಲವತ್ತು ಶಾಲ್ಯಾಗೆ ಅಳಿಸೀನಿ. ತಿಳಿದವ್ರು ದುರ್ಬೀನಿನಾಗೆ ನೋಡಿ, ಅದು ಗ್ರಹ ಅಲ್ಲ ಅಂದ್ರು. ನೋಡಿ ಹೇಳಿದ್ರೆ ಅಳಿಸೋಕೆ ನನಗೇನು ಬ್ಯಾಸ್ರ ಇಲ್ರಿ."

ಗಂಡ ಮಾರಣ್ಣ ಬೋರ್ಡ್ ಬರೆಯುವವರು. ದಾವಣಗೆರೆಯ ಪಿ.ಜೆ. ಬಡಾವಣೆಯ ಅರ್ಧ ದವಾಖಾನೆಗಳ ಹೆಸರು ಒಂದು ಕಾಲಕ್ಕೆ ಅವರ ಕೈಬರಹ. ಫ್ಲೆಕ್ಸ್ ಬಂದು ಆ ಅನ್ನ ಕಿತ್ತುಕೊಂಡಿತು. ಒಂದೇ ಮಳೆಗಾಲಕ್ಕೆ ಫ್ಲೆಕ್ಸ್ ಹರಿದುಹೋಗುವುದರಿಂದ ಶಾಲೆಗಳು ಮಾತ್ರ ಗೋಡೆಬರಹ ಬಿಡಲಿಲ್ಲ. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಎಳೆದು ಹಿಡಿದು ಚಟ್ಟನೆ ಬಿಟ್ಟರೆ ಗೆರೆ ಮೂಡುತ್ತದೆ. ಹಾಗೆ ಚೌಕ ಹಾಕಿಕೊಂಡು, ಪಠ್ಯಪುಸ್ತಕದ ನಕ್ಷೆಯನ್ನು ಒಂದೊಂದೇ ಚೌಕವಾಗಿ ಹಿಗ್ಗಿಸುತ್ತಾರೆ. ದಾರದ ತುದಿ ಹಿಡಿಯಲೆಂದು ಹೋದ ಉಚ್ಚೆಂಗೆಮ್ಮ ಆ ಕೆಲಸ ಕಲಿತರು. ಒಂಬತ್ತು ವರ್ಷದ ಹಿಂದೆ ಮಾರಣ್ಣ ತೀರಿಕೊಂಡ ಮೇಲೆ ಬ್ರಶ್ಶೂ ಏಣಿಯೂ ಅವರದೇ. ಮೂವತ್ತು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಗೋಡೆ. ಒಂದರ ಮೇಲೂ ಅವರ ಹೆಸರಿಲ್ಲ.

ಅವರು ಬರೆದ ಮೊದಲ ಕರ್ನಾಟಕದಲ್ಲಿ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆಗೇ ಒಂದು ಜಿಲ್ಲೆ, ಒಂದು ಬಣ್ಣ ಬಂತು. ಹರಪನಹಳ್ಳಿಯ ಕಥೆ ಕೇಳಿದರೆ ನಗುತ್ತಾರೆ. ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ. "ಊರು ಅಲ್ಲೇ ಐತೆ, ಒಂದಡಿ ಜರುಗಿಲ್ಲ. ಬಣ್ಣ ಬದ್ಲಾಗ್ತೈತೆ ಅಷ್ಟೇ. ಅದ್ರಿಂದ ಯಾರ ಮನಿ ಬಾಗ್ಲೂ ಮುಚ್ಚಿಲ್ಲ ಬಿಡ್ರಿ."

ಬಾಗಿಲು ಮುಚ್ಚಿದ ನಕ್ಷೆಯ ಮಾತು ಬಂದರೆ ಮಾತ್ರ ಅವರ ದನಿ ಬದಲಾಗುತ್ತದೆ.

ಗಂಡನ ಊರು ಹರಿಹರ ತಾಲ್ಲೂಕಿನ ಒಂದು ಹಳ್ಳಿ. ಹನ್ನೆರಡು ವರ್ಷದ ಹಿಂದೆ ಗಂಡ ಹೆಂಡತಿ ಸೇರಿ ಅಲ್ಲಿನ ಪಂಚಾಯ್ತಿ ಗೋಡೆಯ ಮೇಲೆ ಊರಿನ ನಕ್ಷೆ ಬರೆದಿದ್ದರು. ಮನೆ, ಬೋರ್‌ವೆಲ್, ಗುಡಿ, ಪಡುವಣ ಅಂಚಿನ ಸ್ಮಶಾನ, ಅಲ್ಲಿಗೆ ಹೋಗುವ ಕಂದು ಬಣ್ಣದ ದಾರಿ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಸದಸ್ಯರೊಬ್ಬರು ಕರೆಸಿ, ಸುಣ್ಣ ಹೊಡೆದು ಹೊಸ ನಕ್ಷೆ ಬರೆಯಲು ಹೇಳಿದರು. ಅವರ ಮೊಬೈಲಿನಲ್ಲಿದ್ದ ನಕ್ಷೆಯಲ್ಲಿ ಸ್ಮಶಾನ ಇತ್ತು, ದಾರಿ ಇರಲಿಲ್ಲ. ದಾರಿಯ ಜಾಗದಲ್ಲಿ ಸಾಲಾಗಿ ನಲವತ್ತಾರು ಸೈಟುಗಳು.

"ದಾರಿ ಎಲ್ಲೈತ್ರಿ?" ಎಂದು ಉಚ್ಚೆಂಗೆಮ್ಮ ಕೇಳಿದರು.

"ಅದೆಲ್ಲ ನಿಂಗ್ಯಾಕಮ್ಮ. ಕೊಟ್ಟಿದ್ದು ಬರಿ" ಎಂದರು ಸದಸ್ಯರು.

ನಿಂಗ್ಯಾಕಂತೆ! ಅದೇ ದಾರಿಯಲ್ಲಿ ಮಾರಣ್ಣನನ್ನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿದ್ದಾರೆ. ದಾರಿಗೆ ಈಗಾಗಲೇ ತಂತಿಬೇಲಿ ಬಿದ್ದಿದೆ. ಡಿಸೆಂಬರಿನಲ್ಲಿ ಆ ಊರಿನ ಅವರ ನೆರೆಮನೆಯ ಕೊಟ್ರವ್ವ ಸತ್ತಾಗ ಜನ ಹೆಣ ಹೊತ್ತು ನಾಲೆಯ ಏರಿ ಸುತ್ತಿ, ಗದ್ದೆಯ ಕೆಸರಿಗೆ ಇಳಿದು ಹೋದರು. ಗದ್ದೆಯವರು ಬೈದರು, ಹೊತ್ತವರು ತಲೆ ತಗ್ಗಿಸಿಕೊಂಡು ನಡೆದರು. ಸತ್ತವರ ದಾರಿಯನ್ನೂ ಸೈಟು ಮಾಡಿ ಮಾರುವವರಿಗೆ ನಾಚಿಕೆ ಎಂಬುದು ಬೇಡವೇ? ಕಾಯಬೇಕಾದವರೇ ಮುಂದೆ ನಿಂತು ಗೋಡೆಗೆ ಸುಣ್ಣ ಹೊಡೆಸುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

"ಪ್ಲೂಟೊನ ನೋಡಿ ಅಳಿಸಿದ್ರು. ಈ ದಾರಿನ ಯಾರು ನೋಡಿದ್ರು? ಬಂದು ನಡೆದು ನೋಡಿ, ಇಲ್ಲ ಅಂದಿದ್ರೆ ನಾನೇ ಅಳಿಸ್ತಿದ್ದೆ" ಎಂದು ಉಚ್ಚೆಂಗೆಮ್ಮ ಬಣ್ಣದ ಡಬ್ಬಿಯ ಮುಚ್ಚಳವನ್ನು ಕುಟ್ಟಿ ಕೂರಿಸುತ್ತಾರೆ.

ಅವರು ಮೂರು ದಿನ ದುಡಿದು ಗೋಡೆಯನ್ನೆಲ್ಲ ಹೊಸದು ಮಾಡಿದರು, ಪಡುವಣದ ಒಂದು ಮೊಳ ಬಿಟ್ಟು. ಹಳೆಯ ಕಂದು ದಾರಿ ಹಾಗೇ ಉಳಿಯಿತು. ಸದಸ್ಯರು ಕೂಗಾಡಿದರು, ಬೇರೆಯವರ ಕೈಲಿ ಮಾಡಿಸುತ್ತೇನೆ ಎಂದರು. "ಮಾಡಿಸ್ರಿ, ನನ್ ಕೈಲಿ ಆಗಲ್ಲ" ಎಂದು ಇವರು ಏಣಿ ಎತ್ತಿಕೊಂಡರು. ಆ ಭಾಗದ ಮೂರು ಶಾಲೆಗಳ ಕೆಲಸ ಮಾರನೆಯ ವಾರವೇ ಕೈತಪ್ಪಿತು. ಹರಿಹರದಿಂದ ಕರೆಸಿದ ಪೇಂಟರ್ ಮಕ್ತುಮ್ ಸಾಬ್ ಗೋಡೆ ನೋಡಿದರು, ಏನೆಂದು ವಿಚಾರಿಸಿದರು, ಡಬ್ಬಿ ತೆರೆಯದೆ ವಾಪಸ್ ಬಸ್ ಹತ್ತಿದರು.

ಗೋಡೆಯ ಗೆರೆಗೆ ಕಚೇರಿಯಲ್ಲಿ ಕವಡೆ ಕಿಮ್ಮತ್ತಿಲ್ಲವೆಂದು ಉಚ್ಚೆಂಗೆಮ್ಮನಿಗೂ ಗೊತ್ತು. ಆದರೂ ಊರಿನ ಹನ್ನೊಂದು ಜನ ಆ ಗೋಡೆಯ ಫೋಟೊ ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ಅರ್ಜಿ 'ಪರಿಶೀಲನೆಯಲ್ಲಿದೆ'. ಸೈಟುಗಳಿಗೆ ಮಾತ್ರ ಕಲ್ಲು ನೆಡುವುದು ನಿಂತಿಲ್ಲ.

ಒಂಬತ್ತಾಗುತ್ತದೆ. ನೆಪ್ಚೂನ್ ಮುಗಿದಿದೆ. ಸೀಮೆಎಣ್ಣೆಯಲ್ಲಿ ಬ್ರಶ್ ತೊಳೆಯುತ್ತಿದ್ದವರನ್ನು, ಏನಾಗಬೇಕು ನಿಮಗೆ ಎಂದು ಕೇಳಿದರೆ ತಲೆ ಎತ್ತುವುದಿಲ್ಲ.

"ದೊಡ್ಡ ರಸ್ತೆ ಬ್ಯಾಡ್ರಿ. ನಾಲ್ಕು ಜನ ಹೆಗಲು ಕೊಟ್ಕೊಂಡು ನಡೆಯೋವಷ್ಟು ಅಗಲ ಬಿಟ್ರೆ ಸಾಕು. ನಮ್ಮನೆಯವ್ರನ್ನ ಆ ದಾರ‍್ಯಾಗೆ ಒಯ್ದಾರೆ. ನನ್ನೂ ಅಲ್ಲೇ ಒಯ್ಲಿ, ಕೆಸರಾಗೆ ಬ್ಯಾಡ."