ಮುಚ್ಚಳದ ಮೇಲಿನ ಬೊಟ್ಟು

ಊರಿನವರೆಲ್ಲ ಅದನ್ನು ಫಟಫಟಿ ಎನ್ನುತ್ತಿದ್ದರು. ನಮ್ಮ ಯಜಮಾನರಿಗೆ ಆ ಹೆಸರು ಕಿವಿಗೆ ಬಿದ್ದರೆ ಆಗುತ್ತಿರಲಿಲ್ಲ. ಮೋಟಾರ್ ಸೈಕಲ್ ಎನ್ನಬೇಕು. ಆದ್ದರಿಂದ ನಾನೂ ಬೇಕೆಂದೇ ಫಟಫಟಿ ಎನ್ನುತ್ತಿದ್ದೆ. ಅವರು ಹಳೇಬೀಡಿನಲ್ಲಿ ಸರ್ಕಾರದ ದನದ ಡಾಕ್ಟರು. ಬೇಲೂರಿನ ಆಚೆ ಕಾಫಿ ತೋಟ ಮಾಡಿಕೊಂಡಿದ್ದ ಒಬ್ಬ ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ ಬಿಟ್ಟುಹೋದ ಗಾಡಿ ಅದು. ಜರ್ಮನಿಯವರ ಎರಡನೆಯ ಯುದ್ಧ ಶುರುವಾಗಲು ಇನ್ನೂ ಮೂರು ನಾಲ್ಕು ವರ್ಷವಿತ್ತು.

ಗಾಡಿಗೂ ಅವರಿಗೂ ದಿನಾ ಬೆಳಿಗ್ಗೆ ಒಂದು ಸುತ್ತು ಜಗಳ ಆಗಲೇಬೇಕು. ಹತ್ತು ಸಲ ಒದ್ದರೂ ಅದು ಕೆಮ್ಮಿ ಸುಮ್ಮನಾಗುವುದು. ಇವರು ಪ್ಲಗ್ ಬಿಚ್ಚಿ, ಒರೆಸಿ, ಒಲೆಯ ಮೇಲೆ ಬೆಚ್ಚಗೆ ಮಾಡಿಕೊಂಡು ಹೋಗುವುದು. ನನ್ನ ಒಲೆಯಲ್ಲಿ ಅನ್ನಕ್ಕಿಂತ ಪ್ಲಗ್ ಹೆಚ್ಚು ಬೆಂದಿದೆ ಎಂದು ರೇಗಿಸುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಭಯ. ಅವರ ಎದೆ ಮೆತ್ತಗಿದೆ, ಆಯಾಸ ಕೂಡದು ಎಂದು ಹಾಸನದ ಡಾಕ್ಟರು ಹೇಳಿದ್ದರು. ಇವರು ಅದನ್ನು ನಗುತ್ತಾ ನನಗೆ ಹೇಳಿ, ನಗುತ್ತಲೇ ಮರೆತುಬಿಟ್ಟರು.

ಆಯುಧಪೂಜೆಯ ದಿನ ಗಾಡಿಗೆ ಕುಂಕುಮ ಇಡುವವಳು ನಾನು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ದುಂಡಗೆ, ನುಣ್ಣಗೆ ಹಣೆಯ ಹಾಗಿತ್ತು. ಅದರ ನಟ್ಟನಡುವೆ ಸೂಜಿ ತೂರುವಷ್ಟು ಒಂದು ತೂತು. ಬೊಟ್ಟು ಇಲ್ಲೇ ಇಡು ಎಂದು ಯಾರೋ ಗುರುತು ಮಾಡಿಕೊಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೆ. ಮೊದಲ ವರ್ಷ ಬರೀ ಕುಂಕುಮದ ಪುಡಿ ಇಟ್ಟಿದ್ದೆ. ಸಂಜೆ ಮನೆಗೆ ಬಂದವರು, "ನಿನ್ನ ಕುಂಕುಮ ಪಕ್ಕದೂರು ಹಗರೆವರೆಗೂ ಬರಲಿಲ್ಲ ಕಣೇ, ಗಾಳೀಲಿ ಹಾರೋಯ್ತು" ಎಂದು ಹಾಸ್ಯ ಮಾಡಿದರು. ನನಗೆ ಛಲ ಬಂತು. ಮಾರನೆಯ ವರ್ಷ, ನನ್ನ ಹಣೆಗೆ ಹಚ್ಚಿಕೊಳ್ಳುತ್ತಿದ್ದ ಮೇಣವನ್ನೇ ತೆಗೆದು ಮುಚ್ಚಳಕ್ಕೆ ಒತ್ತಿ, ಅದರ ಮೇಲೆ ಕಾಸಿನಗಲ ಕುಂಕುಮ ಇಟ್ಟೆ. ಈ ಸಲ ಹಾರಲಿ ನೋಡೋಣ ಎಂದೆ.

ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆಯೇ ಬೇಲೂರು ದಾರಿಯ ಒಂದು ಹಳ್ಳಿಯಿಂದ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ಹಬ್ಬದ ದಿನವೂ ಹೋಗಬೇಕೇ ಎಂದು ನನಗೆ ಮುನಿಸು. ಅವರು ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿದರು. ಆವತ್ತು ಗಾಡಿ ಮೂರನೆಯ ಒದೆತಕ್ಕೇ ಶುರುವಾಯಿತು. ಅಂಗಳದಿಂದ "ಬರ್ತೀನಿ ಕಣೇ" ಎಂದು ಕೂಗಿದರು. ನಾನು ಹೋಳಿಗೆಯ ಕಣಕ ನಾದುತ್ತಿದ್ದೆ. ಬಾಗಿಲಿಗೂ ಬರಲಿಲ್ಲ, ಹೂಂ ಎನ್ನಲೂ ಇಲ್ಲ.

ಮೂರು ಮೈಲಿಯಾಚೆ ಒಂದು ಗೋಣಿಮರವಿದೆ. ಅದರ ಕೆಳಗೆ ಗಾಡಿ ನಿಂತಿತು. ಪಕ್ಕದ ಹೊಲದಲ್ಲಿದ್ದ ರೈತ ಆಮೇಲೆ ಬಂದು ನಮ್ಮ ಜಗಲಿಯ ಮೇಲೆ ಕೂತು ಹೇಳಿದ: "ಒದ್ರು, ಒದ್ರು ಕಣವ್ವ. ವಸಿ ಹೊತ್ತು ಕೂತ್ಕಂಡ್ರು. ಮತ್ತೆ ಎದ್ದು ಒದ್ರು. ನಾನು ಎತ್ತು ಬಿಚ್ಚಿ ಬರೋ ವೊತ್ಗೆ ಮರಕ್ಕೆ ಒರಗ್ಬುಟ್ಟಿದ್ರು." ಅವರಿಗೆ ಆಗ ಮೂವತ್ತಾರು ವರ್ಷ.

ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ವರ್ಷ ತುಂಬುವವರೆಗೂ ಯಾರೂ ಮುಟ್ಟಲಿಲ್ಲ. ಆಮೇಲೆ ನನ್ನ ಮೈದುನನಿಗೆ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನ ಕೆಲಸವಾಯಿತು. ನನ್ನನ್ನೂ ಅತ್ತೆಯನ್ನೂ ನೋಡಿಕೊಳ್ಳಲು ಅವನು ನಮ್ಮಲ್ಲೇ ಉಳಿದು ಓಡಾಡುವುದೆಂದಾಯಿತು. ಗಾಡಿ ತೊಳೆಯಲು ಅವನು ನೀರು ತಂದಾಗ ನಾನು ಒಂದೇ ಮಾತು ಹೇಳಿದೆ: "ಎಲ್ಲಾ ತೊಳಿ. ಮುಚ್ಚಳದ ಬೊಟ್ಟು ಮಾತ್ರ ಅಳಿಸಬೇಡ." ನಾನು ಮುತ್ತೈದೆಯಾಗಿ ಇಟ್ಟ ಕೊನೆಯ ಕುಂಕುಮ ಅದು. ನನ್ನ ಹಣೆಯದನ್ನು ಅಳಿಸುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ಇದನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಹೊಸ ಪೆಟ್ರೋಲ್ ಹಾಕಿ, ಅರ್ಧ ದಿನ ಒದ್ದ ಮೇಲೆ ಗಾಡಿ ಶುರುವಾಯಿತು. ಸೋಮವಾರ ಮೈದುನ ಅದರ ಮೇಲೆ ಕಚೇರಿಗೆ ಹೊರಟ. ಗೋಣಿಮರದ ಕೆಳಗೆ ನಿಂತಿತು. ಮುಚ್ಚಳ ತಿರುವಿ ನೋಡಿದರೆ ಪೆಟ್ರೋಲ್ ಇದೆ. ಮುಚ್ಚಳವನ್ನು ಸಡಿಲವಾಗಿ ಕೂರಿಸಿ, ಸುಧಾರಿಸಿಕೊಂಡು ಒದ್ದರೆ ಕಚೇರಿಯವರೆಗೂ ಓಡಿತು. ಮನೆಯಲ್ಲಿ ಟ್ಯಾಂಕ್ ತುಂಬಿಸಿ ಮುಚ್ಚಳ ಬಿಗಿ ಮಾಡಿ ಹೊರಟರೆ ಮಂಗಳವಾರವೂ ಅಲ್ಲೇ ನಿಂತಿತು, ಬುಧವಾರವೂ. ಅವನ ಮುಖ ಸುಣ್ಣವಾಯಿತು. ಪ್ಲಗ್ ಬದಲಾಯಿಸಿದ, ಕಿಡಿ ಹಾರಿಸುವ ಮ್ಯಾಗ್ನೆಟೊ ಬಿಚ್ಚಿ ಉಜ್ಜಿದ, ಕಾರ್ಬೊರೇಟರಿನ ಒಂದೊಂದು ತೂತನ್ನೂ ಊದಿದ. ಬೇರೆಲ್ಲೂ ನಿಲ್ಲದ ಗಾಡಿ ಆ ಮರದ ಕೆಳಗೆ ಮಾತ್ರ ಉಸಿರು ಬಿಡುವುದೇಕೆ?

ನಮ್ಮತ್ತೆಗೆ ಅನುಮಾನವೇ ಇರಲಿಲ್ಲ. "ಅವನು ಅಲ್ಲೇ ಇದಾನೆ ಕಣೇ. ತಮ್ಮನ್ನ ಮಾತಾಡಿಸಿ ಕಳಿಸ್ತಾನೆ" ಎಂದರು. ಊರಿನ ಗಂಡಸರು ಹೆದರಿದರು. ನನಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವಾಯಿತು. ಭಾನುವಾರ ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹೋಗು ಎಂದೆ. ಗಂಡ ಸತ್ತವಳು ಫಟಫಟಿ ಹತ್ತುವುದೇ ಎಂದು ಬೀದಿಯೆಲ್ಲ ಕಣ್ಣು ಬಿಟ್ಟುಕೊಂಡು ನೋಡಿತು. ನೋಡಲಿ ಎಂದು ಹಿಂದೆ ಕೂತೆ. ಮರ ಹತ್ತಿರವಾದಂತೆ ಗಾಡಿ ತೊದಲಿತು, ಎರಡು ಸಲ ತಡವರಿಸಿತು, ಸುಮ್ಮನಾಯಿತು. ಮೈದುನ ದೂರ ಸರಿದು ನಿಂತ. ನಾನು ಮರದ ಬೇರಿನ ಮೇಲೆ ಅವರು ಒರಗಿದ್ದ ಕಡೆ ಕೂತು, ಆವತ್ತು ಹೇಳದೆ ಉಳಿಸಿಕೊಂಡ ಮಾತನ್ನು ಹೇಳಿದೆ: "ಹೂಂ, ಹೋಗಿ ಬನ್ನಿ."

ಆಮೇಲೆ ಪ್ರತಿ ಭಾನುವಾರವೂ ಹೋದೆ. ಅತ್ತೆ ಎರಡು ವೀಳ್ಯದೆಲೆ, ಒಂದು ಹೋಳು ಅಡಿಕೆ ನನ್ನ ಸೆರಗಿಗೆ ಕಟ್ಟಿ ಕಳಿಸುವರು. ನಮ್ಮ ಯಜಮಾನರಿಗೆ ಊಟವಾದ ಮೇಲೆ ಎಲೆ ಬೇಕೇ ಬೇಕಿತ್ತು. ಬೇರಿನ ಮೇಲೆ ಇಟ್ಟು ಬರುತ್ತಿದ್ದೆ. ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದು ಕೇಳುವರು: "ನಿಲ್ಲಿಸಿದನೇನೇ?" ನಾನು ನಿಲ್ಲಿಸಿದರು ಎನ್ನುವೆ. ಆವತ್ತು ರಾತ್ರಿ ಅತ್ತೆ ಎರಡು ತುತ್ತು ಹೆಚ್ಚು ಊಟ ಮಾಡುತ್ತಿದ್ದರು.

ಮೈದುನನಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಅರಸೀಕೆರೆಯಲ್ಲಿ ಬಸ್ಸು ರಿಪೇರಿ ಮಾಡುವ ಮುದಿ ಮೇಸ್ತ್ರಿಯೊಬ್ಬರನ್ನು ನನಗೆ ಹೇಳದೆ ಕರೆತಂದ. ನನಗೆ ಕೋಪ ಬಂತು. ಕಾಫಿ ಕೂಡ ಕೊಡದೆ ಕೊಟ್ಟಿಗೆಯ ಬಾಗಿಲ ಹಿಂದೆ ನಿಂತೆ.

ಮೇಸ್ತ್ರಿ ಗಾಡಿಯನ್ನು ಮುಟ್ಟಲೇ ಇಲ್ಲ, ಬರೀ ಕೇಳಿದರು. "ಮರದ ತಾವ ನಿಂತ ಮ್ಯಾಗೆ ಏನು ಮಾಡ್ತೀರಿ ಸ್ವಾಮಿ?"

"ಮುಚ್ಚಳ ತೆಗ್ದು ಪೆಟ್ರೋಲ್ ನೋಡ್ತೀನಿ."

"ತೆಗೆದ್ಮೇಲೆ ಶುರುವಾಗ್ತದೆ. ಆ ಮರ ಇಲ್ದಿರೋ ಹಗರೆ ದಾರೀಲಿ ಹೋದ್ರೆ?"

ಮೈದುನ ದನಿ ತಗ್ಗಿಸಿದ. "ಅಲ್ಲೂ ನಿಲ್ತದೆ. ಅಷ್ಟೇ ದೂರಕ್ಕೆ. ಮನೇಲಿ ಹೇಳಿಲ್ಲ."

ಮೇಸ್ತ್ರಿ ಮುಚ್ಚಳ ಬಿಚ್ಚಿ, ಕೆಳಗಿನಿಂದ ಬಾಯಿಟ್ಟು ಊದಿದರು. ಕೆನ್ನೆ ಉಬ್ಬಿತು, ಗಾಳಿ ಹೋಗಲಿಲ್ಲ. "ಪೆಟ್ರೋಲ್ ಕೆಳಕ್ಕಿಳೀಬೇಕಾದ್ರೆ ಮ್ಯಾಲಿಂದ ಗಾಳಿ ಬರ್ಬೇಕು ಸ್ವಾಮಿ. ಅದ್ಕೇ ಈ ತೂತು ಇರಾದು. ಮೇಣ ಮೆತ್ತಿ ಮುಚ್ಚವ್ರೆ. ವಸಿ ದೂರ ಓಡ್ತದೆ, ಆಮೇಲೆ ಉಸಿರು ಕಟ್ತದೆ. ಯಾರಿಟ್ರು ಈ ಬೊಟ್ಟ?"

"ಅತ್ತಿಗೆ. ಅಣ್ಣ ಹೋಗೋ ಹಿಂದಿನ ದಿನ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆವತ್ತು ಬೆಳಿಗ್ಗೆಯಷ್ಟೇ ಪೆಟ್ರೋಲ್ ತುಂಬಿಸಿದ್ದ ಯಜಮಾನರು ಮುಚ್ಚಳ ತೆಗೆದು ಯಾಕೆ ನೋಡುತ್ತಾರೆ? ಒಂದು ಸಲ ತೆಗೆದಿದ್ದರೆ ಸಾಕಾಗಿತ್ತು. ನನ್ನ ಬೊಟ್ಟನ್ನು ನಂಬಿ, ಅವರು ಒದೆಯುತ್ತಲೇ ಹೋದರು.

ಮೇಸ್ತ್ರಿ ಕುಂಕುಮ ಕೆರೆದು ತೆಗೆಯಲಿಲ್ಲ. ತಮ್ಮ ಟೋಪಿಯಲ್ಲಿ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ನಡುವೆ ಮೆಲ್ಲಗೆ ಚುಚ್ಚಿ, ಊದಿ ನೋಡಿ, ಮುಚ್ಚಳ ಹಾಕಿದರು. ಆಮೇಲೆ ಹೊರಗೆ ಬಂದು, ನಾನು ಅಲ್ಲಿರುವುದು ಈಗಷ್ಟೇ ಗೊತ್ತಾದವರಂತೆ ಗಟ್ಟಿಯಾಗಿ ಹೇಳಿದರು: "ಪ್ಲಗ್ಗು ಸರಿಯಿರ್ಲಿಲ್ಲ ತಾಯಿ. ಇನ್ನೇನೂ ಇಲ್ಲ."

"ಹೌದು ಅತ್ತಿಗೆ, ಪ್ಲಗ್ಗು" ಎಂದ ಮೈದುನ ನನ್ನ ಮುಖ ನೋಡಲಿಲ್ಲ. ಅವನು ಬದುಕಿರುವವರೆಗೂ ಅದು ಪ್ಲಗ್ಗೇ ಆಗಿತ್ತು. ನಾನು ಕೇಳಿಸಿಕೊಂಡೆ ಎಂದು ಅವನಿಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ, ಇದನ್ನು ಬರೆಯುವವರೆಗೆ.

ಆವತ್ತು ಮಧ್ಯಾಹ್ನ ಅವನು ಬೇಡವೆಂದರೂ ಹೊರಟೆ. ಅತ್ತೆ ಎಂದಿನಂತೆ ಎಲೆ ಅಡಿಕೆ ಕಟ್ಟಿಕೊಟ್ಟರು. ಗೋಣಿಮರ ದೂರದಲ್ಲಿ ಕಂಡಿತು. ನಿಲ್ಲಲಿ, ನಿಲ್ಲಲಿ ಎಂದು ಬೇಡಿಕೊಂಡೆ. ನಿಂತರೆ ಅವರು ಅಲ್ಲಿದ್ದಾರೆ. ನಿಲ್ಲದಿದ್ದರೆ ಅವರನ್ನು ಕೊಂದವಳು ನಾನು. ಗಾಡಿ ತೊದಲಲಿಲ್ಲ. ಮರ ಬಂತು, ನೆರಳು ನಮ್ಮ ಮೇಲೆ ಒಂದು ಕ್ಷಣ ಬಿತ್ತು, ಮರ ಹಿಂದೆ ಹೋಯಿತು. ನಿಲ್ಲಿಸು ಎಂದು ಹೇಳಬಹುದಿತ್ತು. ನಾವೇ ನಿಲ್ಲಿಸುವ ಮರದಲ್ಲಿ ನನಗೇನು ಕೆಲಸ? ಬೇಲೂರಿನ ಹೊರಗೆ ತಿರುಗಿಸಿಕೊಂಡು, ಅದೇ ಮರದ ಕೆಳಗೆ ಹಾದು ಮನೆಗೆ ಬಂದೆವು.

ಅತ್ತೆ ಬಾಗಿಲಲ್ಲಿದ್ದರು.

"ನಿಲ್ಲಿಸಿದನೇನೇ?"

ಮೈದುನ ಗಾಡಿಯ ಹ್ಯಾಂಡಲ್ ಹಿಡಿದು ತಲೆ ತಗ್ಗಿಸಿ ನಿಂತಿದ್ದ.

"ಹೂಂ ಅತ್ತೆ, ನಿಲ್ಲಿಸಿದರು" ಎಂದೆ. ಅವರು ಕಣ್ಣೊರೆಸಿಕೊಂಡು, ಎಲೆ ಹಾಕಿಕೊಂಡನೇ ಎಂದರು. ಹಾಕಿಕೊಂಡರು ಎಂದೆ. ಎಲೆ ಅಡಿಕೆ ನನ್ನ ಸೆರಗಿನ ಗಂಟಿನಲ್ಲೇ ಇತ್ತು.