ಮೈದುನನ ಡಬ್ಬಕ್ಕೆ ಬಿದ್ದ ಗಂಟು

ನನ್ನ ಮೈದುನನಿಗೆ ನಾನಿಟ್ಟ ಹೆಸರು ಪತ್ತೇದಾರ. ಹುಟ್ಟಿನಿಂದ ಕಣ್ಣಿಲ್ಲ, ಆದರೆ ಅಡುಗೆಮನೆಯಲ್ಲಿ ನಾನು ಏನು ಮಾಡುತ್ತಿದ್ದೇನೆಂದು ಹಜಾರದಲ್ಲಿ ಕೂತೇ ಹೇಳಿಬಿಡುತ್ತಾನೆ. ಚಮಚ ಕೆಳಗೆ ಬಿದ್ದರೆ, ತೊಳೆದು ಪಾತ್ರೆಗೆ ಹಾಕಿದೆನೋ ತೊಳೆಯದೆ ಹಾಕಿದೆನೋ ಎನ್ನುವುದೂ ಅವನಿಗೆ ಗೊತ್ತಾಗಬೇಕು. ಇಂಥವನಿಗೆ ಬೇಯಿಸಿ ಬಡಿಸುವುದು ಹುಡುಗಾಟವಲ್ಲ.

ಅವನಿಗೆ ಹಾಸಿಗೆ ಅಂಗಡಿಯಲ್ಲಿ ಕೆಲಸ. ದಿಂಬು ತುಂಬುತ್ತಾನೆ, ಉದ್ದನೆಯ ಸೂಜಿಯಿಂದ ಹಾಸಿಗೆಗೆ ಹೊಲಿಗೆ ಹಾಕುತ್ತಾನೆ. ಹತ್ತಿಯಲ್ಲಿ ಒಂದು ಬೀಜ ಉಳಿದಿದ್ದರೂ ಅವನ ಬೆರಳಿಗೆ ಸಿಕ್ಕಿಬೀಳುತ್ತದೆ. ಒಂದು ದಿನ ಗರಿಯ ಚೀಲಕ್ಕೆ ಕೈ ಹಾಕಿದ್ದಾನೆ. ಒಳಗೆ ಒಂದು ಇಡೀ ರೆಕ್ಕೆ, ಮೂಳೆಸಮೇತ. ಹಿಡಿದರೆ ಅದು ಕೀಲಿನಲ್ಲಿ ಇನ್ನೂ ಮಡಚಿಕೊಳ್ಳುತ್ತಿತ್ತಂತೆ. ಮನೆಗೆ ಬಂದವನೇ ಕೈ ತೊಳೆದ, ಮತ್ತೆ ತೊಳೆದ, ಆಮೇಲೆ ಹೇಳಿದ: "ಅತ್ತಿಗೆ, ಇನ್ಮೇಲೆ ಪ್ರಾಣಿಯಿಂದ ಬಂದಿದ್ದು ಯಾವುದೂ ನಂಗೆ ಬೇಡ. ಮಾಂಸ, ಮೊಟ್ಟೆ ಅಷ್ಟೇ ಅಲ್ಲ. ಹಾಲು, ಮೊಸರು, ಬೆಣ್ಣೆ, ಜೇನು, ಏನೂ ಬೇಡ." ಅಂಗಡಿಯಲ್ಲೂ ಗರಿ, ಉಣ್ಣೆ ಮುಟ್ಟುವುದಿಲ್ಲವೆಂದ. ಯಜಮಾನ ಗೊಣಗುತ್ತಲೇ ಒಪ್ಪಿಕೊಂಡ. ಅಂಥ ಕೈ ಅವನಿಗೆ ಬೇರೆಲ್ಲಿ ಸಿಗಬೇಕು?

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಅತ್ತೆ ಮುಖ ಊದಿಸಿಕೊಂಡರು. "ಮೊದಲೇ ಕಡ್ಡಿ ಪೈಲ್ವಾನ್. ಹಾಲೂ ಬಿಟ್ರೆ ಗಾಳಿಗೆ ಹಾರಿಹೋಗ್ತಾನೆ" ಎಂದರು. ನಮ್ಮವರು, ಅಂದರೆ ನನ್ನ ಗಂಡ, ಪೇಪರಿನ ಹಿಂದೆ ಅಡಗಿಕೊಂಡರು. ಕೊನೆಗೆ ಎಲ್ಲ ಬಂದು ಬಿದ್ದದ್ದು ನನ್ನ ತಲೆಗೆ. ಅವನಿಗೆ ಬೇರೆ ಬಾಣಲೆ, ಬೇರೆ ಎಣ್ಣೆ, ಚಹಾಕ್ಕೆ ಹಾಲಿನ ಬದಲು ಸೋಯಾ ಪುಡಿ. ಬೇರೆಯವರ ಚಮಚ ಬೀಳಬಾರದೆಂದು ಆ ಪುಡಿಯ ಡಬ್ಬಕ್ಕೆ ಅವನೇ ಹಾಸಿಗೆ ದಾರ ಸುತ್ತಿ ಗಂಟು ಹಾಕಿಡುತ್ತಿದ್ದ. ಬಿಚ್ಚುವವನೂ ಅವನೇ, ಕಟ್ಟುವವನೂ ಅವನೇ. ನನಗೆ ಒಳಗೊಳಗೇ ಉರಿಯುತ್ತಿತ್ತು. ಬೆವರು ಸುರಿಸಿ ಬೇಯಿಸುವವಳು ನಾನು, ಬೀಗ ನನಗೇ!

ಒಂದು ಬೆಳಿಗ್ಗೆ ಡಬ್ಬ ಕೈಗೆತ್ತಿಕೊಂಡವನು ಗಂಟಿನ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟ.

"ಅತ್ತಿಗೆ, ಇದನ್ನ ಮುಟ್ಟಿದ್ರಾ?"

"ಇಲ್ಲಪ್ಪ."

"ಇದು ನಾನು ಹಾಕಿದ ಗಂಟಲ್ಲ."

"ಹಾಗಾದ್ರೆ ಇಲಿ ಹಾಕಿರ್ಬೇಕು."

ಅವನು ನಗಲಿಲ್ಲ. ದಾರ ಬಿಚ್ಚಿ, ಚಿಟಿಕೆ ಪುಡಿ ನಾಲಿಗೆಗೆ ಹಾಕಿಕೊಂಡು, ಓಡಿಹೋಗಿ ಬಚ್ಚಲಲ್ಲಿ ಉಗಿದ. "ಹಾಲಿನ ಪುಡಿ ಬೆರೆಸಿದ್ದೀರಿ" ಎಂದ. ಬೆರೆಸಿದ್ದಾರೆ ಎನ್ನಲಿಲ್ಲ, ಬೆರೆಸಿದ್ದೀರಿ ಎಂದ.

ನನ್ನ ಮೈಯೆಲ್ಲ ಹೊತ್ತಿ ಉರಿಯಿತು. "ಮೋಸ ಮಾಡೋದಿದ್ರೆ ಡಬ್ಬಾನೇ ಯಾಕೆ ಬೇಕು? ಮೂರು ಹೊತ್ತೂ ನಿನ್ನ ತಟ್ಟೆ ನನ್ನ ಕೈಯಲ್ಲೇ ಇರುತ್ತಲ್ಲ!"

"ಅದೇ ನನ್ನ ಭಯ" ಎಂದ, ಮೆಲ್ಲಗೆ. "ಇನ್ನೊಂದ್ಸಲ ಹೀಗಾದ್ರೆ ಅಂಗಡಿ ಹಿಂದಿನ ಗೋದಾಮಲ್ಲೇ ಇದ್ಬಿಡ್ತೀನಿ. ಬ್ರೆಡ್ಡು, ಬಾಳೆಹಣ್ಣು ತಿಂದ್ಕೊಂಡು. ಬಾಳೆಹಣ್ಣಿನ ಸಿಪ್ಪೆ ನಾನೇ ಸುಲೀಬಹುದು."

ಆ ಡಬ್ಬ ಚೆಲ್ಲಿ ಹೊಸ ಪುಡಿ ತುಂಬಿದೆ. ಅಂದಿನಿಂದ ಪತ್ತೇದಾರಿಕೆ ನನ್ನ ಪಾಲಿಗೆ ಬಂತು. ನನಗೀಗ ಮನೆಯವರೆಲ್ಲ ಕಳ್ಳರ ಹಾಗೆ ಕಾಣತೊಡಗಿದರು. ನಮ್ಮವರು ಕಪಾಟಿನ ಬಳಿ ಸುಳಿದಾಡುವುದು ಕಂಡು ಬೆನ್ನಟ್ಟಿದೆ. ನೋಡಿದರೆ, ಡಾಕ್ಟರು ಬೇಡವೆಂದಿದ್ದ ಸಕ್ಕರೆಯನ್ನು ಮುಕ್ಕುತ್ತಿದ್ದಾರೆ! ಬೈದು ಕಳಿಸಿದೆ. ಇನ್ನುಳಿದವರು ಒಬ್ಬರೇ. ನನ್ನ ಮನಸ್ಸು ಒಪ್ಪಲಿಲ್ಲ, ಆದರೂ ತರಕಾರಿ ತರುತ್ತೇನೆಂದು ಕೂಗಿ ಹೇಳಿ, ಮುಂಬಾಗಿಲಿಂದ ಹೋದವಳು ಹಿತ್ತಲ ಬಾಗಿಲಿಂದ ಒಳಗೆ ಬಂದೆ.

ಅತ್ತೆ ತಮ್ಮ ಔಷಧಿ ಚೀಲದಿಂದ ಹಾಲಿನ ಪುಡಿಯ ಪೊಟ್ಟಣ ತೆಗೆದು, ಎಡಗೈಯಲ್ಲಿ ಚಮಚ ಹಿಡಿದು ಡಬ್ಬಕ್ಕೆ ಬೆರೆಸುತ್ತಿದ್ದರು. ಆಮೇಲೆ ತುಟಿ ಕಚ್ಚಿಕೊಂಡು, ಒಂದೊಂದೇ ಸುತ್ತು ನೆನಪು ಮಾಡಿಕೊಂಡು ದಾರ ಕಟ್ಟತೊಡಗಿದರು.

"ಅತ್ತೆ" ಎಂದೆ. ಚಮಚ ಕೆಳಗೆ ಬಿತ್ತು.

"ಅವನಿಗೆ ಹೇಳ್ಬೇಡ ಕಣೆ" ಎಂದರು. "ಅವನ ಕೈ ಎಷ್ಟು ಸಣ್ಣಗಾಗಿದೆ ನೋಡಿದ್ಯಾ? ಕಣ್ಣಂತೂ ಕೊಡೋಕಾಗ್ಲಿಲ್ಲ ನಂಗೆ. ಹಾಲಾದ್ರೂ ಕೊಡ್ಬಾರ್ದಾ?"

ಜಗಳಕ್ಕೆಂದೇ ಬಾಯಿ ತೆರೆದವಳು ಬಗ್ಗಿ ಚಮಚ ಎತ್ತಿಟ್ಟೆ. ಹಾಗೆಂದು ಮುಚ್ಚಿಡುವುದು ನನ್ನಿಂದಾಗದು. ನಿಂತ ಕಾಲಲ್ಲೇ ಹಾಸಿಗೆ ಅಂಗಡಿಗೆ ನಡೆದೆ.

ಮೈದುನ ಹಾಸಿಗೆಯ ಅಂಚು ಹೊಲಿಯುತ್ತಿದ್ದ. "ನಿಮ್ಮಮ್ಮ" ಎಂದೆ, ಅಷ್ಟೇ.

"ಗೊತ್ತು" ಎಂದ, ಸೂಜಿ ನಿಲ್ಲಿಸದೆ. "ಎಡಗೈಯಲ್ಲಿ ಹಾಕಿದ ಗಂಟು ಉಲ್ಟಾ ತಿರುಗಿರುತ್ತೆ. ಮನೇಲಿ ಎಡಗೈ ಯಾರದ್ದು? ಮೊದಲ ದಿನಾನೇ ಗೊತ್ತಾಯ್ತು."

"ಮತ್ತೆ ನನ್ನ ಮೇಲ್ಯಾಕೆ ಹಾಕ್ದೆ?"

"ಅಮ್ಮನ್ನ ಕೇಳೋ ಧೈರ್ಯ ಬರ್ಲಿಲ್ಲ. ನಿಮ್ಮ ಮೇಲೆ ಹಾಕಿದ್ರೆ ನೀವು ಸುಮ್ನೆ ಕೂರೋ ಪೈಕಿ ಅಲ್ಲ."

ಅವನ ಕೆನ್ನೆಗೆ ಎರಡು ಬಾರಿಸೋಣವೆನ್ನಿಸಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ಎದ್ದೇಳು" ಎಂದೆ. "ಈಗ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ, ಬಾಯಿ ಬಿಡಲ್ಲ."

ಅತ್ತೆ ಅಡುಗೆಮನೆಯಲ್ಲೇ ಕೂತಿದ್ದರು. ಅವನು ಕೈಯಾಡಿಸಿ ಕುರ್ಚಿ ಹುಡುಕಿಕೊಂಡು ಅವರೆದುರು ಕೂತ.

"ಅಮ್ಮ, ಹುಟ್ಟಿದಾಗಿಂದ ನಂಗೆ ಕಣ್ಣಿಲ್ಲ. ಆದ್ರೆ ನಾನು ಕುರುಡ ಅಂತ ಅನ್ನಿಸಿದ್ದು ಆ ಪುಡಿ ನಾಲಿಗೆಗೆ ಹಾಕ್ಕೊಂಡ ದಿನಾನೇ."

ಅತ್ತೆ ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ಎದ್ದು ಡಬ್ಬದ ಪುಡಿಯನ್ನೆಲ್ಲ ಸುರಿದರು, ಉಜ್ಜಿ ತೊಳೆದರು, ಬಟ್ಟೆಯಿಂದ ಒರೆಸಿದರು. ಆಮೇಲೆ ಮಗನ ಕೈ ಹಿಡಿದು ಡಬ್ಬದೊಳಕ್ಕಿಟ್ಟರು.

"ಏನಾದ್ರೂ ಉಳಿದಿದ್ಯಾ?"

ಅವನು ತಳದಲ್ಲೊಮ್ಮೆ ಬೆರಳಾಡಿಸಿದ. "ಇಲ್ಲಮ್ಮ."

"ಅಂಚಿಗೂ ಮುಟ್ಟಿ ನೋಡು" ಎಂದರು ಅತ್ತೆ. "ನನ್ನ ಮುಖ ನೋಡಿ ಇಲ್ಲ ಅನ್ಬೇಡ."