ನೀಲಿ ಅಂಗಿಯ ಮೂವರು

ನರ್ಸಮ್ಮ ಮೊದಲ ಸಲ ಅಂಗಡಿಯ ಮೆಟ್ಟಿಲು ಹತ್ತಿದ ದಿನ ದರ್ಜಿಯಕ್ಕ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಹಾಗಾಗಿ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವನ್ನು ಮೊದಲೇ ಪತ್ತೆ ಹಚ್ಚಬಹುದು. ಹೆಂಗಸರು ತಾವೇ ಮೆತ್ತನೆಯ ಕಡ್ಡಿಯಿಂದ ಮಾದರಿ ತೆಗೆದುಕೊಟ್ಟರೆ ಸಾಕು. ಆದರೆ ಆಸ್ಪತ್ರೆಯೆಂದರೆ ಒಬ್ಬರೂ ಬರುತ್ತಿಲ್ಲ.

ದರ್ಜಿಯಕ್ಕ ಸೂಜಿಗಳನ್ನು ಪುಟ್ಟ ದಿಂಬಿಗೆ ಚುಚ್ಚಿದಳು. "ಇಲ್ಲಿ ಪರದೆ ಹಿಂದೆ ಎಲ್ರೂ ಹೋಗ್ತಾರೆ. ಅಂಗಿ ಹಾಕಿ ನೋಡೋಕೆ ನಾಚದವರು ಇದಕ್ಯಾಕೆ ನಾಚ್ತಾರೆ? ಕಳಿಸಿ ನಿಮ್ಮ ಕಡ್ಡಿಗಳನ್ನ."

ಎರಡು ವಾರದಲ್ಲಿ ಅರವತ್ತೊಂದು ಹೆಂಗಸರು ಪರದೆಯ ಹಿಂದೆ ಹೋಗಿ ಬಂದರು. ಮಾದರಿ ಹಾಕಿದ ಯಾವ ಕೊಳವೆಯ ನಂಬರು ಯಾರದೆಂದು ಬರೆದಿಡುವ ಹೊಣೆ ದರ್ಜಿಯಕ್ಕನದು. ಮೂವತ್ತು ವರ್ಷದ ಅಭ್ಯಾಸ ಬಿಟ್ಟೀತೇ? ಗಿರಾಕಿಯ ಹೆಸರನ್ನು ಅವಳು ಎಂದೂ ಬರೆದವಳಲ್ಲ, ಬರೆಯುತ್ತಿದ್ದುದು ಬಟ್ಟೆಯನ್ನೇ.

ಫಲಿತಾಂಶ ಬಂತು. ಐವರಲ್ಲಿ ವೈರಾಣು. ನಾಲ್ವರು ಸುಲಭವಾಗಿ ಸಿಕ್ಕಿದರು.

"ಹದಿನೇಳು ಯಾರು?" ಎಂದಳು ನರ್ಸಮ್ಮ.

ಪುಸ್ತಕದಲ್ಲಿ 'ನೀಲಿ ಅಂಗಿ' ಎಂದಿತ್ತು. ಆ ವಾರ ನೀಲಿ ಅಂಗಿ ಹೊಲಿಸಿದವರು ಮೂವರು! ದರ್ಜಿಯಕ್ಕ ಪುಟವನ್ನು ಮತ್ತೊಮ್ಮೆ ತಿರುವಿ ನೋಡಿದಳು. ಒಬ್ಬಳ ಒಡಲಲ್ಲಿ ಕೆಡುಕು ಚಿಗುರುತ್ತಿರಬಹುದು, ಅದು ಅವಳಿಗೇ ತಿಳಿಯದಂತಾದದ್ದು ತನ್ನ ಬರಹದಿಂದ.

ಅಂಗಡಿಗೆ ಬೀಗ ಹಾಕಿ ಹೊರಟಳು. ಇಬ್ಬರು ಮತ್ತೆ ಪರೀಕ್ಷೆಗೆ ಬಂದರು; ಅವರಲ್ಲಿ ಏನೂ ಇರಲಿಲ್ಲ. ಉಳಿದವಳು ಬಸ್ಸಿನ ಕಂಡಕ್ಟರಮ್ಮ. ಅವಳು ಉರಿದುಬಿದ್ದಳು.

"ಕುತ್ತಿಗೆ ಬಿಗಿ ಹೊಲಿದು ಉಸಿರು ಕಟ್ಟಿಸ್ದೆ. ಈಗ ರೋಗಾನೂ ಅಂಟಿಸ್ತೀಯಾ?"

"ಬೈಯಮ್ಮ, ತಪ್ಪು ನನ್ನದೇ. ಆದ್ರೆ ಬೈಕೊಂಡೇ ಬಾ."

ಕಂಡಕ್ಟರಮ್ಮ ಬರಲಿಲ್ಲ. ದರ್ಜಿಯಕ್ಕ ಮೂರು ದಿನ ಅದೇ ಬಸ್ಸು ಹತ್ತಿ, ಟಿಕೆಟ್ಟು ಕೊಂಡು, ಎದುರು ಸೀಟಿನಲ್ಲಿ ಕುಳಿತಳು. ನಾಲ್ಕನೆಯ ದಿನ ಕಂಡಕ್ಟರಮ್ಮನೇ ಸೋತು, "ಇಳಿ ತಾಯಿ, ಬರ್ತೀನಿ" ಎಂದಳು.

ಹದಿನೇಳು ಅವಳೇ. ವೈದ್ಯೆ ಪರೀಕ್ಷಿಸಿದರು: ಕ್ಯಾನ್ಸರ್ ಆಗಿರಲಿಲ್ಲ, ಮುಂದೆ ಆಗಬಹುದಾದ ಸಣ್ಣ ಬದಲಾವಣೆಯಷ್ಟೇ. ಅರ್ಧ ಗಂಟೆಯಲ್ಲಿ ಚಿಕಿತ್ಸೆ ಮುಗಿಸಿ, ಮುಂದಿನ ವರ್ಷ ಮತ್ತೆ ಬಾ ಎಂದು ಕಳಿಸಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ದರ್ಜಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಅವಳ ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಪೂರ್ತಿ ಹೆಸರುಗಳಿವೆ. ಶಾಲೆ ತೆರೆಯುವ ಕಾಲ. ಸಮವಸ್ತ್ರಕ್ಕೆ ಬರುವ ಹನ್ನೊಂದು ಹನ್ನೆರಡರ ಹುಡುಗಿಯರ ತೋಳಿಗೆ ಟೇಪು ಸುತ್ತುತ್ತ ತಾಯಂದಿರನ್ನು ಕೇಳುತ್ತಾಳೆ:

"ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ ಹಾಕ್ಸಿದ್ದೀಯೋ, ಇಲ್ವೋ?"

"ತೋಳು ಊದಿದ್ರೆ ಅಳತೆ ತಪ್ಪಲ್ವಾ, ಅಕ್ಕ?"

"ಎರಡು ದಿನ ಬಿಟ್ಟು ಅಳೀತೀನಿ. ನಡಿ, ಮೊದಲು ಹಾಕ್ಸಿಕೊಂಡು ಬಾ."